ರಕ್ತನಾಳದ ಎಂಆರ್‌ಐಗೆ ನ್ಯಾನೋಕಣ: ಕಬ್ಬಿಣವೋ, ಗ್ಯಾಡೊಲಿನಿಯಮ್ಮೋ, ಮ್ಯಾಂಗನೀಸೋ?

ಹೊಸದಾಗಿ ಪಿಎಚ್‌.ಡಿ. ಸೇರಿದವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು. "ರಕ್ತನಾಳಗಳನ್ನು ಎಂಆರ್‌ಐನಲ್ಲಿ ಚೆನ್ನಾಗಿ ತೋರಿಸುವ ನ್ಯಾನೋಕಣ ಮಾಡಬೇಕು ಅಂತಿದ್ದೇನೆ. ಯಾವ ಲೋಹ ಹಿಡಿಯಲಿ?" ಕಬ್ಬಿಣ ಅಂತ ಗೈಡ್ ಹೇಳಿರುತ್ತಾರೆ. ಪಕ್ಕದ ಲ್ಯಾಬಿನ ಸೀನಿಯರ್ ಗ್ಯಾಡೊಲಿನಿಯಂ ಅಂದಿರುತ್ತಾರೆ. ಈಚೆಗೆ ಓದಿದ ಪೇಪರ್ ಮ್ಯಾಂಗನೀಸ್ ಅನ್ನುತ್ತದೆ. ತಲೆ ಕೆಡುವುದು ಸಹಜ.

ನಾನು ಮೊದಲು ಲೋಹದ ಮಾತೇ ಎತ್ತುವುದಿಲ್ಲ. "ಕಣ ರಕ್ತದಲ್ಲಿ ಎಷ್ಟು ಹೊತ್ತು ಇರಬೇಕು? ಆಮೇಲೆ ಯಾವ ಬಾಗಿಲಿನಿಂದ ಹೊರಗೆ ಹೋಗಬೇಕು?" ಅಂತ ಕೇಳುತ್ತೇನೆ. ಇವೆರಡಕ್ಕೆ ಉತ್ತರ ಸಿಕ್ಕರೆ ಆಯ್ಕೆ ತಾನಾಗಿಯೇ ಎರಡು ಮೂರಕ್ಕೆ ಇಳಿಯುತ್ತದೆ.

ಅದಕ್ಕೂ ಮೊದಲು, ನ್ಯಾನೋಕಣ ಯಾಕೆ ಬೇಕು ಅಂತ ನೋಡೋಣ. ಆಸ್ಪತ್ರೆಯಲ್ಲಿ ಮಾಮೂಲಿಯಾಗಿ ಕೊಡುವುದು ಗ್ಯಾಡೊಲಿನಿಯಮ್ಮಿನ ಸಣ್ಣ ಅಣು. ಅಮೆರಿಕದಲ್ಲಿ ಇಂಥ ಮೊದಲ ಔಷಧಕ್ಕೆ ಅನುಮತಿ ಸಿಕ್ಕಿದ್ದು 1988ರಲ್ಲಿ. ಈ ಅಣು ರಕ್ತನಾಳದ ಗೋಡೆಯ ಸಂದಿಯಿಂದ ಸಲೀಸಾಗಿ ಹೊರಗೆ ಸೋರುತ್ತದೆ. ಇಂಜೆಕ್ಷನ್ ಕೊಟ್ಟ ಕೆಲವೇ ಸೆಕೆಂಡುಗಳಲ್ಲಿ ಅಪಧಮನಿ ಬೆಳ್ಳಗೆ ಹೊಳೆಯುತ್ತದೆ. ನಿಮಿಷ ಕಳೆಯುವಷ್ಟರಲ್ಲಿ ಸುತ್ತಲಿನ ಅಂಗಾಂಶವೂ ಬೆಳ್ಳಗಾಗಿ ಎಲ್ಲ ಕಲಸಿಹೋಗುತ್ತದೆ. ಟೈಮಿಂಗ್ ತಪ್ಪಿದರೆ ಚಿತ್ರ ಹಾಳು.

ಒಂದು ಸಣ್ಣ ಲೆಕ್ಕ ಹಾಕಿ. 60 ಕೆ.ಜಿ. ತೂಕದ ವ್ಯಕ್ತಿಗೆ ಮಾಮೂಲಿ ಡೋಸ್, ಅಂದರೆ ಕೆ.ಜಿ.ಗೆ 0.1 ಮಿಲಿಮೋಲ್ ಕೊಟ್ಟರೆ ಒಟ್ಟು 6 ಮಿಲಿಮೋಲ್. ಅದು ಜೀವಕೋಶಗಳ ಹೊರಗಿನ ಸುಮಾರು 12 ಲೀಟರ್ ದ್ರವದಲ್ಲಿ ಹರಡಿಕೊಂಡರೆ ಲೀಟರಿಗೆ ಅರ್ಧ ಮಿಲಿಮೋಲ್. 1.5 ಟೆಸ್ಲಾ (ಕಾಂತಕ್ಷೇತ್ರದ ಅಳತೆ) ಯಂತ್ರದಲ್ಲಿ ರಕ್ತದ ಟಿ1, ಅಂದರೆ ಪ್ರೋಟಾನ್‌ಗಳು ವಿಶ್ರಾಂತಿಗೆ ಮರಳುವ ಹೊತ್ತು (ಕಡಿಮೆ ಇದ್ದಷ್ಟೂ ಚಿತ್ರ ಬೆಳ್ಳಗೆ), ಸುಮಾರು 1400 ಮಿಲಿಸೆಕೆಂಡ್ ಇದ್ದದ್ದು 370ರ ಹತ್ತಿರಕ್ಕೆ ಇಳಿಯುತ್ತದೆ. ಪರವಾಗಿಲ್ಲ, ಆದರೆ ಅದ್ಭುತವೇನಲ್ಲ.

ಈಗ ರಕ್ತದೊಳಗೇ ಉಳಿಯುವ ಕಬ್ಬಿಣದ ಕಣವೊಂದನ್ನು ತೆಗೆದುಕೊಳ್ಳಿ. ಕೆ.ಜಿ.ಗೆ 4 ಮಿ.ಗ್ರಾಂ. ಕಬ್ಬಿಣ ಅಂದರೆ 240 ಮಿ.ಗ್ರಾಂ., ಸುಮಾರು 4.3 ಮಿಲಿಮೋಲ್. ಅದು ಇರುವುದು 4 ಲೀಟರ್ ಚಿಲ್ಲರೆ ರಕ್ತದಲ್ಲಿ ಮಾತ್ರ. ಹಾಗಾಗಿ ಲೀಟರಿಗೆ ಹತ್ತಿರ ಹತ್ತಿರ 1 ಮಿಲಿಮೋಲ್. ಅದರ ಆರ್1, ಅಂದರೆ ಬೆಳಗಿಸುವ ಶಕ್ತಿ, ಹದಿನೈದು ಅಂತ ಇಟ್ಟುಕೊಂಡರೆ ಟಿ1 65 ಮಿಲಿಸೆಕೆಂಡಿನ ಆಸುಪಾಸಿಗೆ ಬೀಳುತ್ತದೆ! ಅದೂ ಗಂಟೆಗಟ್ಟಲೆ ಹಾಗೇ ನಿಂತಿರುತ್ತದೆ. ನ್ಯಾನೋಕಣದ ಆಸೆ ಹುಟ್ಟುವುದೇ ಇಲ್ಲಿ.

ಆರ್1, ಆರ್2 ಅಂದರೇನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ಮಿಲಿಮೋಲಾರ್ ಲೋಹ ಹಾಕಿದರೆ ನೀರಿನ ಪ್ರೋಟಾನ್‌ಗಳು ಎಷ್ಟು ಬೇಗ ವಿಶ್ರಾಂತಿಗೆ ಮರಳುತ್ತವೆ ಅನ್ನುವುದರ ಅಳತೆ ಇದು. ಆರ್1 ಚಿತ್ರವನ್ನು ಬೆಳಗಿಸುತ್ತದೆ. ಆರ್2, ಟಿ2 ಅನ್ನುವ ಇನ್ನೊಂದು ವಿಶ್ರಾಂತಿಯ ಹೊತ್ತನ್ನು ಇಳಿಸಿ, ಕಪ್ಪು ಮಾಡುತ್ತದೆ. ರಕ್ತನಾಳಕ್ಕೆ ನಮಗೆ ಬೇಕಾದದ್ದು ಬೆಳಕು. ಕಪ್ಪು ಚಿತ್ರದಲ್ಲಿ ರಕ್ತನಾಳ ಯಾವುದು, ಗಾಳಿ ಯಾವುದು, ಸುಣ್ಣ ಕಟ್ಟಿದ ಜಾಗ ಯಾವುದು ಅಂತ ಹೇಳುವುದು ಕಷ್ಟ.

ಯಾವುದನ್ನು ಇಟ್ಟುಕೊಂಡು ಅಳೆಯಬೇಕು

ನಾನು ಐದು ವಿಷಯ ನೋಡುತ್ತೇನೆ. ಎಲ್ಲದಕ್ಕೂ ಒಂದೇ ತೂಕ ಕೊಡುವುದಿಲ್ಲ.

ಆರ್2 ಮತ್ತು ಆರ್1ರ ಅನುಪಾತಕ್ಕೆ ಮೊದಲ ಜಾಗ. ಬರೀ ಆರ್1 ನೋಡಿ ಮರುಳಾಗಬೇಡಿ. ಆರ್1 ಹದಿನೈದಿದ್ದು ಆರ್2 ನೂರೈವತ್ತಿದ್ದರೆ ಬೆಳಗಿಸಲು ಹೋಗಿ ದೀಪ ಆರಿಸಿದ ಹಾಗೆ. ಅನುಪಾತ ಒಂದರಿಂದ ಎರಡರೊಳಗೆ ಇದ್ದರೆ ಬಹಳ ಒಳ್ಳೆಯದು. ಐದಾರು ಇದ್ದರೆ ಎಕೋ ಸಮಯ (ಸಂಕೇತ ಹಿಡಿಯುವ ಮೊದಲು ಯಂತ್ರ ಕಾಯುವ ಹೊತ್ತು) ತೀರಾ ಕಡಿಮೆ ಇಟ್ಟು ಹೇಗೋ ಸಂಭಾಳಿಸಬಹುದು. ಇದನ್ನು ನೀವು ಬಳಸುವ ಯಂತ್ರದ ಟೆಸ್ಲಾದಲ್ಲೇ ಅಳೆಯಬೇಕು. ಕಬ್ಬಿಣದ ಕಣಗಳಲ್ಲಿ ಕಾಂತಕ್ಷೇತ್ರ ಏರಿದಂತೆ ಈ ಅನುಪಾತ ಕೆಡುತ್ತಾ ಹೋಗುತ್ತದೆ. ಇಲಿಗಳ 7 ಟೆಸ್ಲಾ ಯಂತ್ರದ ಅಂಕಿಯನ್ನು ಆಸ್ಪತ್ರೆಯ 1.5 ಟೆಸ್ಲಾ ಅಂಕಿಯ ಪಕ್ಕ ಇಟ್ಟು ಹೋಲಿಸುವ ಪೇಪರ್ ಕಂಡರೆ ಪುಟ ತಿರುಗಿಸಿ.

ಆಮೇಲೆ, ಹೊರಗೆ ಹೋಗುವ ದಾರಿ. 2007ರಲ್ಲಿ ಕ್ವಾಂಟಮ್ ಡಾಟ್‌ಗಳ (ಬಣ್ಣ ಬೀರುವ ಅರೆವಾಹಕದ ನ್ಯಾನೋಕಣಗಳು) ಮೇಲೆ ನಡೆದ ಒಂದು ಕೆಲಸ ಈ ಕ್ಷೇತ್ರಕ್ಕೆ ಗೆರೆ ಹಾಕಿಕೊಟ್ಟಿತು. ಹೊದಿಕೆ ಸೇರಿ, ನೀರಿನಲ್ಲಿ ಅಳೆದ ವ್ಯಾಸ 5.5 ನ್ಯಾನೋಮೀಟರಿಗಿಂತ ಕಡಿಮೆ ಇದ್ದರೆ ಕಣ ಮೂತ್ರದಲ್ಲಿ ಬೇಗ ಹೊರಬೀಳುತ್ತದೆ. ಅದಕ್ಕಿಂತ ದೊಡ್ಡದಾದರೆ ಯಕೃತ್ತು, ಗುಲ್ಮಗಳ ಪಾಲು. ಅಲ್ಲಿ ಕಬ್ಬಿಣಕ್ಕೆ ಒಂದು ಗತಿ ಇದೆ, ದೇಹ ಅದನ್ನು ಹಿಮೋಗ್ಲೋಬಿನ್ನಿಗೆ ಬಳಸಿಕೊಳ್ಳುತ್ತದೆ. ಗ್ಯಾಡೊಲಿನಿಯಮ್ಮಿಗೆ ದೇಹದಲ್ಲಿ ಯಾವ ಕೆಲಸವೂ ಇಲ್ಲ.

ಮೂರನೆಯದು, ರಕ್ತದಲ್ಲಿ ಉಳಿಯುವ ಹೊತ್ತು. ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ಅನೇಕರು ಅಂದುಕೊಂಡಿರುತ್ತಾರೆ. ಹಾಗೇನಿಲ್ಲ. ಗಂಟೆಗಟ್ಟಲೆ ಉಳಿದರೆ ಅಪಧಮನಿ, ಅಭಿಧಮನಿ ಎರಡೂ ಒಂದೇ ಸಮ ಹೊಳೆಯುತ್ತವೆ. ಕಾಲಿನ ಅಪಧಮನಿ ಎಲ್ಲಿ ಕಟ್ಟಿದೆ ಅಂತ ಹುಡುಕುವ ಡಾಕ್ಟರಿಗೆ ಇದು ತಲೆನೋವು. ಡಯಾಲಿಸಿಸ್‌ಗೆ ಅಭಿಧಮನಿಯ ನಕ್ಷೆ ಬೇಕಾದವರಿಗೆ ವರ.

ನಾಲ್ಕನೆಯದು ಸುರಕ್ಷತೆಯ ಚರಿತ್ರೆ. ಐದನೆಯದು ನಿಮ್ಮ ಕೈಯಲ್ಲಿರುವ ದುಡ್ಡು, ಸಲಕರಣೆ, ವರ್ಷ. ಇವೆರಡನ್ನೂ ಒಂದೊಂದು ಆಯ್ಕೆಯ ಜೊತೆಗೇ ಹೇಳುತ್ತೇನೆ.

ಫೆರುಮಾಕ್ಸಿಟಾಲ್: ಆಗಲೇ ಸೀಸೆಯಲ್ಲಿ ಇರುವುದು

ಹೊಸದನ್ನು ಮಾಡುವ ಮೊದಲು ಇದನ್ನು ನೋಡಲೇಬೇಕು. ಕಬ್ಬಿಣದ ಆಕ್ಸೈಡಿನ ತಿರುಳು, ಮೇಲೆ ಸಕ್ಕರೆ ಜಾತಿಯ ಹೊದಿಕೆ. ಒಟ್ಟು ವ್ಯಾಸ 30 ನ್ಯಾನೋಮೀಟರಿನ ಆಸುಪಾಸು. 2009ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು ಕಿಡ್ನಿ ಕಾಯಿಲೆ ಇರುವವರ ರಕ್ತಹೀನತೆಗೆ. ಹೊಟ್ಟೆಪಾಡಿಗೆ ಅದು ಕಬ್ಬಿಣದ ಔಷಧ, ಪ್ರತಿಭೆ ಮಾತ್ರ ಎಂಆರ್‌ಐನಲ್ಲಿ. ಮೇಲಿನ ಲೆಕ್ಕದಲ್ಲಿ ನಾನು ಬಳಸಿದ ಆರ್1 ಹದಿನೈದು ಇದರದ್ದೇ. 1.5 ಟೆಸ್ಲಾದಲ್ಲಿ ಆರ್2 ಸುಮಾರು 89, ಅಂದರೆ ಅನುಪಾತ ಆರರ ಹತ್ತಿರ. ರಕ್ತದಲ್ಲಿ ಅರ್ಧಾಯುಷ್ಯ, ಅಂದರೆ ಅರ್ಧದಷ್ಟು ಖಾಲಿಯಾಗುವ ಹೊತ್ತು, ಸುಮಾರು 15 ಗಂಟೆ.

ಕಿಡ್ನಿ ಕೆಟ್ಟವರಿಗೆ ಗ್ಯಾಡೊಲಿನಿಯಂ ಕೊಡಲು ಡಾಕ್ಟರುಗಳು ಹಿಂಜರಿಯುತ್ತಾರೆ. ಅಂಥ ಕಡೆ ಇದನ್ನು ಲೇಬಲ್ಲಿನ ಹೊರಗೆ, ಅಂದರೆ ಅನುಮತಿ ಸಿಕ್ಕ ಬಳಕೆಯನ್ನು ಮೀರಿ, ರಕ್ತನಾಳದ ಚಿತ್ರಕ್ಕೆ ಬಳಸುತ್ತಾ ಬಂದಿದ್ದಾರೆ. ಹುಟ್ಟುತ್ತಲೇ ಹೃದಯದ ತೊಂದರೆ ಇರುವ ಮಕ್ಕಳಿಗೂ ಬಳಸಿದ್ದಾರೆ. ಒಮ್ಮೆ ಕೊಟ್ಟರೆ ನಿಧಾನವಾಗಿ, ಉಸಿರಿಗೆ ತಕ್ಕಂತೆ ಸ್ಕ್ಯಾನ್ ಮಾಡಬಹುದಲ್ವಾ?

ಎರಡು ಮುಳ್ಳುಗಳಿವೆ. ಒಂದು ಅಲರ್ಜಿ. 2015ರಲ್ಲಿ ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ ಇದರ ಮೇಲೆ ಕಪ್ಪು ಚೌಕದ ಎಚ್ಚರಿಕೆ, ಅಂದರೆ ಅತಿ ಗಂಭೀರ ಬಗೆಯದು, ಹಾಕಿಸಿತು. ಈಗ ಕನಿಷ್ಠ 15 ನಿಮಿಷ ಹಿಡಿದು ನಿಧಾನವಾಗಿ ಡ್ರಿಪ್‌ನಲ್ಲಿ ಕೊಡಬೇಕು. ಹಾಗಾದರೆ ಇಂಜೆಕ್ಷನ್ನಿನ ಮೊದಲ ಅಲೆಯನ್ನು ಹಿಡಿಯುವ ಚಿತ್ರ ಕೈತಪ್ಪಿತು. ಇನ್ನೊಂದು, ಕಬ್ಬಿಣ ಯಕೃತ್ತಿನಲ್ಲಿ ಕೂತು ಮೂರು ತಿಂಗಳವರೆಗೂ ಬೇರೆ ಎಂಆರ್‌ಐ ಚಿತ್ರಗಳನ್ನು ಗೊಂದಲ ಮಾಡಬಹುದು.

ಸಂಶ್ಲೇಷಣೆಯ ಹುಚ್ಚು ಇಲ್ಲದೆ ಚಿತ್ರದ ಕಡೆಗೇ ಒಲವಿದ್ದರೆ, ಡಾಕ್ಟರೊಬ್ಬರು ಜೊತೆಗಿದ್ದರೆ, ಇದೇ ಸಾಕು. ಹೊಸ ಕಣ ಮಾಡುವವರಿಗೂ ಇದು ಬೇಕು, ಅಳತೆಗೋಲಾಗಿ. ನಿಮ್ಮ ಕಣ ಇದಕ್ಕಿಂತ ಯಾವುದರಲ್ಲಿ ಮೇಲು ಅಂತ ಒಂದು ವಾಕ್ಯದಲ್ಲಿ ಹೇಳಲು ಬರದಿದ್ದರೆ ಪ್ರಾಜೆಕ್ಟ್ ಇನ್ನೂ ಹಣ್ಣಾಗಿಲ್ಲ.

ಮೂರು ನ್ಯಾನೋಮೀಟರಿನ ಕಬ್ಬಿಣ

ನನಗೆ ಅತಿ ಇಷ್ಟದ ಆಯ್ಕೆ ಇದು. ಮೊದಲೇ ಹೇಳಿಬಿಡುತ್ತೇನೆ, ಪಕ್ಷಪಾತ ಇದೆ.

ಕಬ್ಬಿಣದ ಕಣ ಚಿತ್ರವನ್ನು ಕಪ್ಪು ಮಾಡುವುದು ಅದರ ಕಾಂತತ್ವ ಬಲವಾಗಿರುವುದರಿಂದ. ಕಣವನ್ನು ಚಿಕ್ಕದು ಮಾಡುತ್ತಾ ಹೋದರೆ ಹೊರಮೈಯ ಪರಮಾಣುಗಳ ಪಾಲು ಜಾಸ್ತಿಯಾಗುತ್ತದೆ. ಹೊರಮೈಯಲ್ಲಿ ಸ್ಪಿನ್‌ಗಳು ಶಿಸ್ತು ತಪ್ಪಿ ವಾರೆಯಾಗಿ ನಿಲ್ಲುತ್ತವೆ. ಒಟ್ಟು ಕಾಂತತ್ವ ಕುಸಿಯುತ್ತದೆ, ಅದರ ಜೊತೆಗೆ ಆರ್2 ಕೂಡ. ನೀರು ಬಂದು ತಾಗುವ ಕಬ್ಬಿಣದ ಅಯಾನುಗಳು ಮಾತ್ರ ಹೊರಮೈಯಲ್ಲಿ ಹೇರಳ. ಹಾಗಾಗಿ ಆರ್1 ಉಳಿಯುತ್ತದೆ. ದೌರ್ಬಲ್ಯವೇ ಇಲ್ಲಿ ಬಂಡವಾಳ.

2011ರಲ್ಲಿ ದಕ್ಷಿಣ ಕೊರಿಯಾದ ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದ ತೇಗ್ವಾನ್ ಹ್ಯೊನ್ ಅವರ ಗುಂಪು ಇಂಥ 3 ನ್ಯಾನೋಮೀಟರ್ ಕಣಗಳನ್ನು ದೊಡ್ಡ ಪ್ರಮಾಣದಲ್ಲಿ, ಒಂದೇ ಗಾತ್ರದಲ್ಲಿ ಮಾಡಿ ತೋರಿಸಿತು. 3 ಟೆಸ್ಲಾದಲ್ಲಿ ಆರ್1 ಸುಮಾರು 4.8, ಅನುಪಾತ ಆರು. 2017ರಲ್ಲಿ ಎಂಐಟಿಯ ಮೌಂಜಿ ಬವೆಂಡಿ ಅವರ ಗುಂಪು ಅದೇ ಗಾತ್ರದ ತಿರುಳಿಗೆ ತೀರಾ ತೆಳುವಾದ, ಕೇವಲ 1 ನ್ಯಾನೋಮೀಟರಿನ ಜ್ವಿಟರ್‌ಅಯಾನ್ ಹೊದಿಕೆ ಹಾಕಿತು. ಒಂದೇ ಅಣುವಿನಲ್ಲಿ ಧನ, ಋಣ ಎರಡೂ ಚಾರ್ಜ್ ಇರುವ ಹೊದಿಕೆ ಅದು. 1.5 ಟೆಸ್ಲಾದಲ್ಲಿ ಆರ್1 5.2, ಅನುಪಾತ ಎರಡು. ಇಲಿಗಳಲ್ಲಿ ರಕ್ತನಾಳಗಳು ಬೆಳ್ಳಗೆ ಕಂಡವು, ಕಣ ಮೂತ್ರದಲ್ಲಿ ಹೊರಗೆ ಹೋಯಿತು. ಬವೆಂಡಿ ಅವರಿಗೆ 2023ರಲ್ಲಿ ನೊಬೆಲ್ ಬಂತು, ಆದರೆ ಕ್ವಾಂಟಮ್ ಡಾಟ್‌ಗಳಿಗೆ.

ಗಮನಿಸಿ, ಎರಡೂ ಕಡೆ ತಿರುಳು ಹೆಚ್ಚು ಕಡಿಮೆ ಒಂದೇ ಅಳತೆ. ಅಳೆದ ಟೆಸ್ಲಾ ಬೇರೆ ಬೇರೆ, ಅದರದ್ದೂ ಒಂದು ಪಾಲಿದೆ. ಆದರೂ ನನ್ನ ಓದಿನಲ್ಲಿ ದೊಡ್ಡ ವ್ಯತ್ಯಾಸ ಬಂದಿದ್ದು ಹೊದಿಕೆಯಿಂದ. ಲೋಹ ಯಾವುದು ಅಂತ ಆರು ತಿಂಗಳು ಯೋಚಿಸಿ ಹೊದಿಕೆಗೆ ಒಂದು ವಾರ ಕೊಡುವವರಿಗೆ ನಾನು ಈ ಎರಡು ಪೇಪರುಗಳನ್ನು ಪಕ್ಕಪಕ್ಕ ಇಟ್ಟು ಓದಿ ಅನ್ನುತ್ತೇನೆ.

ಈ ಪಾಠ ನನಗೆ ಬಂದಿದ್ದು ಪೆಟ್ಟು ತಿಂದ ಮೇಲೆ. ನಾನು ಮಾಡಿದ ಮೊದಲ ಬ್ಯಾಚ್‌ಗೆ ಸಿಟ್ರೇಟ್ ಹೊದಿಕೆ ಇತ್ತು. ಮೈಕ್ರೋಸ್ಕೋಪಿನಲ್ಲಿ ಸಾಸಿವೆ ಕಾಳು ಚೆಲ್ಲಿದ ಹಾಗೆ ಒಂದೇ ಸಮ. ಶುದ್ಧ ನೀರಿನಲ್ಲಿ ತಿಂಗಳುಗಟ್ಟಲೆ ನಿಂತಿತ್ತು. ಹೆಮ್ಮೆಯಿಂದ ಫಾಸ್ಫೇಟ್ ಬಫರಿಗೆ ಹಾಕಿ ಮನೆಗೆ ಹೋದೆ. ಬೆಳಿಗ್ಗೆ ಬಂದು ನೋಡಿದರೆ ಮೇಲೆ ತಿಳಿನೀರು, ತಳದಲ್ಲಿ ಕೆಂಪು ಮಣ್ಣು! ಉಪ್ಪು ಚಾರ್ಜನ್ನು ಮುಚ್ಚಿಹಾಕಿತ್ತು, ಫಾಸ್ಫೇಟ್ ಸಿಟ್ರೇಟನ್ನು ಎಬ್ಬಿಸಿ ಅದರ ಜಾಗದಲ್ಲಿ ಕೂತಿತ್ತು. ರಕ್ತದಲ್ಲಿ ಉಪ್ಪೂ ಇದೆ, ಫಾಸ್ಫೇಟೂ ಇದೆ, ಮೇಲಿಂದ ಪ್ರೋಟೀನುಗಳ ದಂಡೇ ಇದೆ. ನೀರಿನಲ್ಲಿ ಚೆನ್ನಾಗಿದ್ದ ಕಣ ಜುಟ್ಟಿಗೆ ಮುಡಿದ ಮಲ್ಲಿಗೆ ಅಷ್ಟೇ, ಹೊಟ್ಟೆಗೆ ಹಿಟ್ಟಲ್ಲ.

ಇದಕ್ಕೆ ತೆರಬೇಕಾದ ಬೆಲೆ ಏನು? ಆರ್1 ಫೆರುಮಾಕ್ಸಿಟಾಲಿನ ಮೂರನೇ ಒಂದು ಭಾಗ. ಅಷ್ಟೇ ಹೊಳಪಿಗೆ ಮೂರು ಪಟ್ಟು ಕಬ್ಬಿಣ ಬೇಕು. ಮೂತ್ರದಲ್ಲಿ ಹೋಗುವುದರಿಂದ ಆ ಡೋಸ್ ಬಹುಶಃ ಸರಿ, ಆದರೆ ಪ್ರಾಣಿಯಲ್ಲಿ ತೋರಿಸಬೇಕು. ಯಾಕೆಂದರೆ ಮೂತ್ರಕ್ಕೆ ಹೋಗದೆ ಉಳಿದ ಕಬ್ಬಿಣವನ್ನು ತಾನಾಗಿ ಹೊರಹಾಕುವ ವ್ಯವಸ್ಥೆ ದೇಹಕ್ಕೆ ಇಲ್ಲ. ದಿನಕ್ಕೆ ಒಂದೆರಡು ಮಿಲಿಗ್ರಾಂ ಒಳಗೆ, ಅಷ್ಟೇ ಹೊರಗೆ. ಸಲಕರಣೆಯೂ ಸುಮ್ನೆ ಬರುವುದಿಲ್ಲ. ಒಂದೇ ಗಾತ್ರ ಬೇಕೆಂದರೆ ಗಾಳಿ ಇಲ್ಲದ ಪಾತ್ರೆಯಲ್ಲಿ, ಎಣ್ಣೆಯಂಥ ದ್ರಾವಕದಲ್ಲಿ ಕಬ್ಬಿಣದ ಓಲಿಯೇಟನ್ನು ಹೆಚ್ಚು ಉಷ್ಣತೆಯಲ್ಲಿ ಒಡೆಯಬೇಕು. ಆಮೇಲೆ ಕಣಕ್ಕೆ ಅಂಟಿಕೊಂಡ ಎಣ್ಣೆಯಂಥ ಓಲಿಯಿಕ್ ಆಮ್ಲ ಕಳಚಿ ನೀರಿಗೆ ಒಗ್ಗುವ ಹೊದಿಕೆ ತೊಡಿಸಬೇಕು. ಈ ಬಟ್ಟೆ ಬದಲಿಸುವ ಹಂತದಲ್ಲೇ ಅರ್ಧ ಪಿಎಚ್‌.ಡಿ. ಕಳೆದುಹೋಗುತ್ತದೆ.

ಗ್ಯಾಡೊಲಿನಿಯಂ ಹೊತ್ತ ಕಣಗಳು

ಏಳು ಒಂಟಿ ಎಲೆಕ್ಟ್ರಾನ್‌ಗಳಿರುವ ಗ್ಯಾಡೊಲಿನಿಯಂ ಬೆಳಗಿಸುವುದರಲ್ಲಿ ರಾಜ. ಸಣ್ಣ ಅಣುವನ್ನು ದೊಡ್ಡ ಕಣಕ್ಕೆ ಕಟ್ಟಿದರೆ ಅದು ನಿಧಾನವಾಗಿ ತಿರುಗುತ್ತದೆ. 1.5 ಟೆಸ್ಲಾದ ಸುತ್ತಮುತ್ತ ಇದರಿಂದ ಆರ್1 ಏರುತ್ತದೆ. ಅನುಪಾತವೂ ಚೆಂದ. ಚಿತ್ರ ಮಾತ್ರ ನೋಡಿದರೆ ಇದನ್ನೇ ಆರಿಸಬೇಕು.

ತೊಂದರೆ ಚರಿತ್ರೆಯದ್ದು. 2006ರಲ್ಲಿ, ಕಿಡ್ನಿ ಕೆಟ್ಟವರಲ್ಲಿ ಚರ್ಮ ಮತ್ತು ಅಂಗಗಳು ಗಟ್ಟಿಯಾಗುವ ಎನ್‌ಎಸ್‌ಎಫ್ ಕಾಯಿಲೆಗೂ ಗ್ಯಾಡೊಲಿನಿಯಮ್ಮಿಗೂ ನಂಟಿದೆ ಅಂತ ಗೊತ್ತಾಯಿತು. 2014ರಲ್ಲಿ ಜಪಾನಿನ ವೈದ್ಯರು, ಪದೇ ಪದೇ ಈ ಔಷಧ ಪಡೆದವರ ಮೆದುಳಿನಲ್ಲಿ ಅದರ ಗುರುತು ಉಳಿದಂತಿದೆ ಅಂದರು. 2017ರಲ್ಲಿ ಯುರೋಪಿನ ನಿಯಂತ್ರಕರು ಸರಪಳಿಯಂಥ ರಚನೆಯ ಬಹುತೇಕ ಔಷಧಗಳನ್ನು ತಡೆಹಿಡಿದರು. ಲೋಹವನ್ನು ಪಂಜರದೊಳಗೆ ಬಿಗಿಯಾಗಿ ಹಿಡಿಯುವ ಉಂಗುರ ರಚನೆಯವು ಉಳಿದವು.

ಆದ್ದರಿಂದ ಈ ದಾರಿ ಹಿಡಿದರೆ ಎರಡು ಶರತ್ತು. ಉಂಗುರ ಪಂಜರವೇ ಇರಲಿ. ಗಾತ್ರ ಕಿಡ್ನಿ ದಾಟುವಂತಿರಲಿ. ಫ್ರಾನ್ಸಿನ ಲಿಯೋನ್‌ನಲ್ಲಿ ಹುಟ್ಟಿದ ಅಗಿಕ್ಸ್ ಕಣ ಹೀಗೇ ಇದೆ. ಸಿಲಿಕಾದ ಜಾಲ, ಮೇಲೆ ಪಂಜರದಲ್ಲಿ ಗ್ಯಾಡೊಲಿನಿಯಂ, ಒಟ್ಟು 5 ನ್ಯಾನೋಮೀಟರಿನ ಆಸುಪಾಸು. ಮನುಷ್ಯರ ಪರೀಕ್ಷೆಗೂ ಹೋಗಿದೆ, ಅದೂ ಕ್ಯಾನ್ಸರಿನ ವಿಕಿರಣ ಚಿಕಿತ್ಸೆಯ ಬಲ ಹೆಚ್ಚಿಸುವುದಕ್ಕೆ.

ಲೈಪೋಸೋಮ್ ಇನ್ನೊಂದು ದಾರಿ. ನೂರು ನ್ಯಾನೋಮೀಟರಿನ ಕೊಬ್ಬಿನ ಗುಳ್ಳೆ, ಮೇಲ್ಮೈಯಲ್ಲಿ ಗ್ಯಾಡೊಲಿನಿಯಂ ಅಂಟಿಸಿದ್ದು. ಗುಳ್ಳೆಯ ಒಳಗಷ್ಟೇ ತುಂಬಿದರೆ ನೀರು ಪದರ ದಾಟಿ ಬರುವುದು ತಡವಾಗಿ ಆರ್1 ಸೊರಗುತ್ತದೆ. ಗಂಟೆಗಟ್ಟಲೆ ರಕ್ತದಲ್ಲೇ ಇರುತ್ತದೆ, ಚಿತ್ರ ಸೊಗಸು. ಲೈಪೋಸೋಮ್ ಔಷಧಗಳು 1990ರ ದಶಕದಿಂದ ಬಳಕೆಯಲ್ಲಿವೆ, ಮಾಡುವ ವಿಧಾನ ಹೊಸದೇನಲ್ಲ. ಆದರೆ ಹೊರಗೆ ಹೋಗುವ ಬಾಗಿಲು ಯಕೃತ್ತು. ಗ್ಯಾಡೊಲಿನಿಯಂ ಅಲ್ಲಿ ಎಷ್ಟು ದಿನ ತಂಗುತ್ತದೆ ಅನ್ನುವ ಪ್ರಶ್ನೆಗೆ ಮುಖ ಕೊಡಲೇಬೇಕು. ಇಲಿಯ ಮೇಲಿನ ಪ್ರಯೋಗಕ್ಕೆ ಒಳ್ಳೆಯ ಸಾಧನ. ಮನುಷ್ಯರಿಗೆ ಅಂತ ಈಗ ಹೊಸದಾಗಿ ಶುರು ಮಾಡಲು ನಾನು ಹೇಳಲಾರೆ.

ಇನ್ನೊಂದು ಕಥೆ ನೆನಪಿಟ್ಟುಕೊಳ್ಳಿ. ಗ್ಯಾಡೊಫಾಸ್ವೆಸೆಟ್ ಅನ್ನುವ ಅಣು ರಕ್ತದ ಆಲ್ಬುಮಿನ್‌ಗೆ ತಾನೇ ಅಂಟಿಕೊಂಡು ನ್ಯಾನೋಕಣದ ಕೆಲಸ ಮಾಡುತ್ತಿತ್ತು. ಆರ್1 ಹತ್ತೊಂಬತ್ತರ ಹತ್ತಿರ. ರಕ್ತನಾಳಕ್ಕೆಂದೇ ಯುರೋಪಿನಲ್ಲಿ 2005ರಲ್ಲಿ, ಅಮೆರಿಕದಲ್ಲಿ 2008ರಲ್ಲಿ ಅನುಮತಿ ಸಿಕ್ಕಿತ್ತು. 2017ರ ಹೊತ್ತಿಗೆ ತಯಾರಿಕೆಯೇ ನಿಂತಿತು. ಚಿತ್ರ ಚೆನ್ನಾಗಿದ್ದರೂ ಮಾರಾಟ ಇರಲಿಲ್ಲ. ಪಕ್ಕದ ಕೋಣೆಯಲ್ಲಿ ಸಿಟಿ ಆಂಜಿಯೋಗ್ರಫಿ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ಮೆದುಳಿನ ರಕ್ತನಾಳಗಳಿಗೆ ಇಂಜೆಕ್ಷನ್ನೇ ಇಲ್ಲದ ಟೈಮ್-ಆಫ್-ಫ್ಲೈಟ್ ವಿಧಾನ ಇದೆ. 2022ರಲ್ಲಿ ಬಂದ ಗ್ಯಾಡೊಲಿನಿಯಂ ಔಷಧ ಗ್ಯಾಡೊಪಿಕ್ಲೆನಾಲ್ ಅರ್ಧ ಡೋಸಿನಲ್ಲೇ ಕೆಲಸ ಮುಗಿಸುತ್ತದೆ. ನಿಮ್ಮ ಕಣದ ಪೈಪೋಟಿ ಇವುಗಳ ಜೊತೆ.

ಮ್ಯಾಂಗನೀಸ್

ಸಂಡೂರಿನ ಗುಡ್ಡಗಳಲ್ಲಿ ಅಗೆಯುವ ಮ್ಯಾಂಗನೀಸೇ ಇದು. ಐದು ಒಂಟಿ ಎಲೆಕ್ಟ್ರಾನ್, ದೇಹಕ್ಕೆ ಪರಿಚಿತ ಲೋಹ. "ಗ್ಯಾಡೊಲಿನಿಯಮ್ಮಿಗೆ ಸುರಕ್ಷಿತ ಬದಲಿ" ಅಂತ ಪೇಪರುಗಳ ಮೊದಲ ಪ್ಯಾರಾದಲ್ಲಿ ಇದ್ದೇ ಇರುತ್ತದೆ. ದೇಹಕ್ಕೆ ಬೇಕಾದದ್ದು ಚಿಟಿಕೆಯಷ್ಟು. ವರ್ಷಗಟ್ಟಲೆ ಇದರ ದೂಳು ಕುಡಿದ ಗಣಿ ಕಾರ್ಮಿಕರಲ್ಲಿ, ವೆಲ್ಡಿಂಗ್ ಮಾಡುವವರಲ್ಲಿ ಪಾರ್ಕಿನ್ಸನ್ನಿನಂಥ ತೊಂದರೆ ಬರುವುದು ಹಳೆಯ ಸಂಗತಿ. ಯಕೃತ್ತಿಗೆಂದು 1997ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮ್ಯಾಂಗನೀಸ್ ಔಷಧವೂ ಮಾರುಕಟ್ಟೆಯಿಂದ ಹೋಯಿತು. ಘನ ಆಕ್ಸೈಡಿನ ಕಣದಲ್ಲಿ ಹೊರಮೈಯ ಅಯಾನುಗಳಷ್ಟೇ ನೀರಿಗೆ ಸಿಗುವುದರಿಂದ ಆರ್1 ತಗ್ಗು. ಆಮ್ಲದಲ್ಲಿ ಕರಗಿದರೆ ಆರ್1 ಏರುತ್ತದೆ, ಜೊತೆಗೆ ಬಿಡಿ ಮ್ಯಾಂಗನೀಸೂ ಹೊರಬರುತ್ತದೆ. ಈ ಗುಣ ಗೆಡ್ಡೆ ಪತ್ತೆಗೆ ಉಪಯೋಗ. ರಕ್ತನಾಳಕ್ಕೆ ನಾನು ಆರಿಸುವುದಿಲ್ಲ.

ಯಾರಿಗೆ ಯಾವುದು

ಒಂದು ವರ್ಷದ ಎಂ.ಎಸ್ಸಿ. ಪ್ರಾಜೆಕ್ಟ್, ಕಡಿಮೆ ದುಡ್ಡು, ಬಿಸಿ ಮಾಡುವ ಪ್ಲೇಟು ಮಾತ್ರ ಇದ್ದರೆ: ಕಬ್ಬಿಣದ ಎರಡು ಲವಣಕ್ಕೆ ಅಮೋನಿಯಾ ಹಾಕಿ ಒಟ್ಟಿಗೆ ಘನವಾಗಿ ತಳಕ್ಕಿಳಿಸುವ ಹಳೆಯ ವಿಧಾನ, ಜೊತೆಯಲ್ಲೇ ಡೆಕ್ಸ್‌ಟ್ರಾನ್ ಹೊದಿಕೆ. ಗಾತ್ರ ಹರಡಿಕೊಂಡಿರುತ್ತದೆ, ಚಿಂತಿಲ್ಲ. ಐದಾರು ಸಾಂದ್ರತೆಯ ಪುಟ್ಟ ಟ್ಯೂಬುಗಳನ್ನು ಹತ್ತಿರದ ಆಸ್ಪತ್ರೆಯ ಯಂತ್ರದಲ್ಲಿ ರಾತ್ರಿ ಬಿಡುವಿನಲ್ಲಿ ಇಟ್ಟು ಟಿ1, ಟಿ2 ಅಳೆಯಿರಿ. ಟಿ1ರ ವಿಲೋಮವನ್ನು ಸಾಂದ್ರತೆಯ ಎದುರು ಗೀಟು ಹಾಕಿದರೆ ಇಳಿಜಾರೇ ಆರ್1. ಕಬ್ಬಿಣದ ಪ್ರಮಾಣ ಮಾತ್ರ ಸರಿಯಾಗಿ ಅಳೆಯಿರಿ. ಅದರಲ್ಲಿ ಶೇಕಡ 20 ತಪ್ಪಿದರೆ ಆರ್1 ಕೂಡ ಹೆಚ್ಚು ಕಡಿಮೆ ಅಷ್ಟೇ ತಪ್ಪುತ್ತದೆ.

ಐದು ವರ್ಷ, ಒಳ್ಳೆಯ ಕೆಮಿಸ್ಟ್ರಿ ಲ್ಯಾಬ್, ಪ್ರಾಣಿ ಪ್ರಯೋಗದ ಅನುಮತಿ ಇದ್ದರೆ ಮೂರು ನ್ಯಾನೋಮೀಟರಿನ ಕಬ್ಬಿಣ. ತಿರುಳಿನ ವಿಧಾನವನ್ನು ಹೊಸದಾಗಿ ಕಂಡುಹಿಡಿಯಲು ಹೋಗಬೇಡಿ, ಇರುವುದನ್ನೇ ಬಳಸಿ ಹೊದಿಕೆಯಲ್ಲಿ ನಿಮ್ಮ ಕೈಚಳಕ ತೋರಿಸಿ. ಪ್ರಾಣಿಯಲ್ಲಿ ಮಾತ್ರ ಚಿತ್ರ ಬೇಕು, ಉದ್ದೇಶ ರಕ್ತನಾಳದ ಜೀವಶಾಸ್ತ್ರ ಅಂದರೆ ಗ್ಯಾಡೊಲಿನಿಯಂ ಲೈಪೋಸೋಮಿಗೆ ಅಡ್ಡಿ ಇಲ್ಲ.

ಕಂಪನಿ ಕಟ್ಟುವ ಯೋಚನೆ ಇರುವವರು ಭಾರತದಲ್ಲಿ 2019ರಲ್ಲಿ ಹೊರಬಂದ ನ್ಯಾನೋ ಔಷಧಗಳ ಮೌಲ್ಯಮಾಪನ ಮಾರ್ಗಸೂಚಿಯನ್ನು ಮೊದಲ ದಿನವೇ ಓದಿ. ಬ್ಯಾಚಿನಿಂದ ಬ್ಯಾಚಿಗೆ ಗಾತ್ರ ಎಷ್ಟು ಬದಲಾಗುತ್ತದೆ, ಬ್ಯಾಕ್ಟೀರಿಯಾದ ಎಂಡೋಟಾಕ್ಸಿನ್ ಎಷ್ಟಿದೆ ಅನ್ನುವುದು ಅಲ್ಲಿ ಆರ್1ಗಿಂತ ದೊಡ್ಡ ಪ್ರಶ್ನೆ.

ಇನ್ನೂ ಎರಡರ ನಡುವೆ ತೂಗಾಡುತ್ತಿದ್ದರೆ ಒಂದು ಅಗ್ಗದ ಪರೀಕ್ಷೆ ಇದೆ. ಎರಡೂ ಬಗೆಯ ಕಣಗಳನ್ನು ಒಂದೊಂದು ಚಿಕ್ಕ ಬ್ಯಾಚ್ ಮಾಡಿ. ಶುಕ್ರವಾರ ಸಂಜೆ ಅರ್ಧ ಸೀರಮ್ ಬೆರೆಸಿ 37 ಡಿಗ್ರಿಯಲ್ಲಿ ಇಡಿ. ಸೋಮವಾರ ಬೆಳಿಗ್ಗೆ ಟ್ಯೂಬನ್ನು ಅಲುಗಾಡಿಸದೆ ಬೆಳಕಿಗೆ ಹಿಡಿದು ತಳ ನೋಡಿ.